ಅಕ್ಕನ ಕಾರು ನಿಂತಲ್ಲೇ ಏದುಸಿರು ಬಿಟ್ಟದ್ದು

ನನ್ನ ಕೆಲಸವೇ ಸಂಶಯ ಪಡುವುದಾಗಿತ್ತು. ಕುಂದಾಪುರ, ಬೈಂದೂರು ಕಡೆ ಓಡುವ ಖಾಸಗಿ ಬಸ್ಸುಗಳಿಗೆ ಮಧ್ಯದಾರಿಯಲ್ಲಿ ಕೈ ಅಡ್ಡ ಹಿಡಿದು ಹತ್ತಿ ಟಿಕೆಟ್ ಚೆಕ್ಕಿಂಗ್ ಮಾಡುತ್ತಿದ್ದವನು ನಾನು. ಮೊದಲು ಪ್ರಯಾಣಿಕರ ಮುಖ ನೋಡಬೇಕು, ಆಮೇಲೆ ಕಂಡಕ್ಟರನ ಮುಖ, ಕೊನೆಗೆ ಟಿಕೆಟ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಎಷ್ಟೋ ಜನರನ್ನು ಹಿಡಿದಿದ್ದೇನೆ. ಅಷ್ಟು ವರ್ಷ ಅದನ್ನೇ ಮಾಡಿದ ಮೇಲೆ ಹೆಗಲು ಮುಟ್ಟಿಕೊಳ್ಳದವರ ಮೇಲೂ ನಂಬಿಕೆ ಉಳಿಯುವುದಿಲ್ಲ. ನಿವೃತ್ತನಾದ ಮೇಲೆ ಚೆಕ್ಕಿಂಗ್ ಮನೆಯೊಳಗೆ ಶುರುವಾಯಿತು ಎಂದು ಹೆಂಡತಿ ಹೇಳುತ್ತಾಳೆ. ಹಾಲಿಗೆ ನೀರು ಬಿದ್ದಿದೆಯೋ, ಗ್ಯಾಸ್ ಸಿಲಿಂಡರ್ ಹಗುರವಾಗಿದೆಯೋ, ಎಲ್ಲವನ್ನೂ ನಾನೇ ನೋಡಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಅವಳ ತೀರ್ಮಾನ. ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನ ಗುಣ ಎಂಬುದು ನನ್ನ ವಾದ.

ಅಕ್ಕ ನನಗಿಂತ ದೊಡ್ಡವಳು. ಗಂಗೊಳ್ಳಿಯಲ್ಲಿ ಒಂದೇ ಅಂಗಳದ ಈಚೆ ನಮ್ಮ ಮನೆ, ಆಚೆ ಅವಳದು. ಮುಂಬೈಯ ಹೋಟೆಲಿನಲ್ಲಿದ್ದ ಭಾವ ಅಲ್ಲೇ ತೀರಿಕೊಂಡ ಮೇಲೆ ಅವಳು ಬುಟ್ಟಿ ಹೊತ್ತಳು. ಬಂದರಿನಲ್ಲಿ ಮೀನು ತೆಗೆದುಕೊಂಡು ಬಸ್ಸು ಹತ್ತಿ ಹೆಮ್ಮಾಡಿ, ವಂಡ್ಸೆ ಕಡೆ ಮನೆಮನೆಗೆ ಹೋಗಿ ಮಾರುತ್ತಿದ್ದಳು. ಬಸ್ಸಿನಲ್ಲಿ ಮೀನಿನ ಬುಟ್ಟಿಯೊಂದಿಗೆ ಹತ್ತುವ ಹೆಂಗಸು ಎಷ್ಟು ಮಾತು ಕೇಳಬೇಕು ಎಂಬುದು ನನಗೆ ಗೊತ್ತು. ನೀರು ಸೋರುತ್ತದೆ ಎನ್ನುವವರು, ಮೂಗು ಮುಚ್ಚುವವರು, ಹಿಂದೆ ಹೋಗಿ ನಿಂತುಕೊಳ್ಳಿ ಎನ್ನುವವರು. ಮನೆಗೆ ಹೋಗಿ ಅದೇ ಮೀನಿನ ಸಾರಿನಲ್ಲಿ ಎರಡು ಸಲ ಅನ್ನ ಕಲಸುವವರೂ ಅವರೇ. ಅಕ್ಕ ಒಂದು ದಿನ ಯಾರಿಗೂ ಹೇಳದೆ ಡ್ರೈವಿಂಗ್ ಕಲಿಯಲು ಸೇರಿದಳು. ಕಲಿತು, ಹಳೆಯದೊಂದು ಚಿಕ್ಕ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಳು. ಹಿಂದಿನ ಸೀಟು ಬಿಚ್ಚಿ ಐಸ್ ಪೆಟ್ಟಿಗೆ ಇಟ್ಟಳು. ಅಂದಿನಿಂದ ಅವಳು ಯಾರ ಮಾತನ್ನೂ ಕೇಳಬೇಕಾಗಿರಲಿಲ್ಲ. ಹಟ್ಟಿಯಂಗಡಿ ದೇವಸ್ಥಾನದ ದಾರಿಯಲ್ಲಿ ಮಾತ್ರ ಕಾರಿನ ಗಾಜು ಪೂರ್ತಿ ಏರಿಸಿಕೊಂಡು ಹೋಗುತ್ತಿದ್ದಳು. ಅದು ಅವಳೇ ಮಾಡಿಕೊಂಡ ನಿಯಮ.

ಕಾರನ್ನು ಅವಳು ದೋಣಿಯ ಹಾಗೇ ನೋಡಿಕೊಂಡಳು. ಮಳೆಗಾಲಕ್ಕೆ ದೋಣಿ ಮೇಲೆ ಎಳೆದ ಮೇಲೆ ನಮ್ಮ ಅಪ್ಪ ಅದರ ಮೈಗೆಲ್ಲ ಮೀನೆಣ್ಣೆ ಹಚ್ಚುತ್ತಿದ್ದರು. ಬೈಗೆ, ಅಂದರೆ ಬೂತಾಯಿ ಮೀನನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ ತೆಗೆದ ಎಣ್ಣೆ ಅದು. ಮರಕ್ಕೆ ಹುಳ ಹಿಡಿಯಬಾರದು, ಉಪ್ಪು ತಿನ್ನಬಾರದು ಎಂದು. ನಮ್ಮ ಕಡೆ ಹಳಬರ ಮನೆಗಳಲ್ಲಿ ಈಗಲೂ ಮೂಲೆಯಲ್ಲಿ ಒಂದು ಕ್ಯಾನ್ ಇರುತ್ತದೆ. ಉಪ್ಪಿನ ಗಾಳಿಗೆ ಕಿಟಕಿಯ ಸರಳೇ ಉಳಿಯದ ಊರಿನಲ್ಲಿ ಕಾರು ಉಳಿಯುತ್ತದೆಯೇ ಎಂದು ಅಕ್ಕ ಪ್ರತಿವರ್ಷ ಮಳೆ ಶುರುವಾಗುವ ಮೊದಲು ಹಳೆ ಸೀರೆಯ ತುಂಡನ್ನು ಮೀನೆಣ್ಣೆಯಲ್ಲಿ ಅದ್ದಿ ಕಾರಿನ ಅಡಿಗೆ, ಬಾಗಿಲ ಸಂದಿಗೆ, ಬಾನೆಟ್ ಎತ್ತಿ ಒಳಗೆ ಕೈ ಹೋದಲ್ಲೆಲ್ಲ ಹಚ್ಚುತ್ತಿದ್ದಳು. ತುಕ್ಕು ಹಿಡಿಯಲಿಲ್ಲ, ಅದು ನಿಜ. ನಾನೂ ನೋಡಿದ್ದೇನೆ, ಕೇರಿಯೇ ನೋಡಿದೆ. ಯಾರೂ ಏನೂ ಹೇಳಲಿಲ್ಲ, ಯಾಕೆಂದರೆ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಆ ಸಲ ಮಳೆ ಹಿಂದೆ ಸರಿದು ಬಂದರಿನಲ್ಲಿ ಮತ್ತೆ ಬೋಟುಗಳು ಹೊರಟ ದಿನಗಳಲ್ಲಿ ಕಾರು ಕೆಟ್ಟಿತು. ಕೆಟ್ಟಿತು ಎಂದರೆ ನಿಂತುಹೋಗಲಿಲ್ಲ. ಅದೇ ಕಷ್ಟ. ನಿಂತುಹೋದ ಗಾಡಿಯನ್ನು ಯಾರಾದರೂ ರಿಪೇರಿ ಮಾಡುತ್ತಾರೆ. ಇದು ಬೆಳಿಗ್ಗೆ ಅಂಗಳದಲ್ಲಿ ಸ್ಟಾರ್ಟ್ ಮಾಡಿ ಬಿಟ್ಟರೆ, ಯಾರೂ ಎಕ್ಸಲೇಟರ್ ಮುಟ್ಟದೆ, ತಾನೇ ರೇಸ್ ಆಗಿ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು, ಇನ್ನೇನು ಆಫ್ ಆಗುತ್ತದೆ ಎನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಓಡಿ ಬಂದ ನಾಯಿ ನೆರಳಲ್ಲಿ ಮಲಗಿ ಏದುಸಿರು ಬಿಡುವ ಹಾಗೆ. ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ನನಗೆ ಆ ಸದ್ದು ಕೇಳಿದ ಕೂಡಲೇ ಅನ್ನಿಸಿತು, ಯಾರೋ ಏನೋ ಮಾಡಿದ್ದಾರೆ.

ಮೊದಲ ಸಂಶಯ ಪೆಟ್ರೋಲಿನ ಮೇಲೆ. ಮಳೆಗಾಲ ಮುಗಿದ ಮೇಲೆ ಬಂಕಿನ ಟ್ಯಾಂಕಿಗೆ ನೀರು ಇಳಿದಿರುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಅಕ್ಕನಿಗೆ ಬಂಕು ಬದಲಾಯಿಸಲು ಹೇಳಿದೆ. ಒಂದು ಸಲ ಹೆದ್ದಾರಿಯ ಬಂಕು, ಇನ್ನೊಂದು ಸಲ ಬೈಂದೂರಿನ ಕಡೆಯದು, ಮತ್ತೊಮ್ಮೆ ನಾನೇ ಬಾಟಲಿ ಹಿಡಿದುಕೊಂಡು ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬಂದು ಕಿಟಕಿಯಲ್ಲಿಟ್ಟು ನೀರು ಕೆಳಗೆ ಕೂರುತ್ತದೆಯೋ ಎಂದು ನೋಡಿದೆ. ನೀರು ಕೂರಲಿಲ್ಲ. ಮನೆಯೊಳಗೆ ಪೆಟ್ರೋಲ್ ಇಟ್ಟದ್ದಕ್ಕೆ ಹೆಂಡತಿಯಿಂದ ಬೈಸಿಕೊಂಡದ್ದೊಂದೇ ಲಾಭ. ಕಾರು ಯಾವ ಬಂಕಿನ ಪೆಟ್ರೋಲ್ ಕುಡಿದರೂ ಏದುಸಿರು ಬಿಡುವುದನ್ನು ಬಿಡಲಿಲ್ಲ.

ಎರಡನೆಯ ಸಂಶಯ ಒಬ್ಬ ಮನುಷ್ಯನ ಮೇಲೆ. ಬೈಂದೂರು ಕಡೆಯವನು, ಗೂಡ್ಸ್ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಮೀನು ಮಾರುತ್ತಾನೆ. ಇತ್ತೀಚೆಗೆ ಅಕ್ಕ ಹೋಗುವ ವಂಡ್ಸೆಯ ಬೀದಿಗಳಿಗೇ ಬರಲು ಶುರುಮಾಡಿದ್ದ. ಬಂದರಿನಲ್ಲಿ ಕಂಡಾಗ ನಗುತ್ತಿದ್ದ, ಅಕ್ಕನ ಪೆಟ್ಟಿಗೆ ಎತ್ತಿ ಕಾರಿನಲ್ಲಿ ಇಡಲು ಕೈ ಕೊಡುತ್ತಿದ್ದ. ವ್ಯಾಪಾರದಲ್ಲಿ ಎದುರಾಳಿಯಾದವನು ಯಾಕೆ ನಗಬೇಕು, ಯಾಕೆ ಪೆಟ್ಟಿಗೆ ಎತ್ತಬೇಕು? ಟ್ಯಾಂಕಿಗೆ ಉಪ್ಪು ಹಾಕಿರಬಹುದು ಎಂದು ನನಗೆ ಹೊಳೆಯಿತು. ಬೀಗ ಇರುವ ಮುಚ್ಚಳ ತಂದು ಹಾಕಿದೆ. ಆಮೇಲೆ ಬೆಳಿಗ್ಗೆ ಬಂದರಿಗೆ ಹೋಗಿ ಐಸ್ ಅಂಗಡಿಯ ಪಕ್ಕ ನಿಂತು ಅವನ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿದೆ. ಅವನು ಬಂಗುಡೆ ಮುಟ್ಟಿದ, ಅಂಜಲ್ ಮುಟ್ಟಿದ, ಅಕ್ಕನ ಕಾರಿನ ಬದಿಗೂ ಬರಲಿಲ್ಲ. ನನ್ನನ್ನು ನೋಡಿ ಚಹಾ ಕುಡಿಯೋಣ ಬನ್ನಿ ಎಂದು ಕರೆದ. ಅದರಿಂದ ಸಂಶಯ ಇನ್ನೂ ಹೆಚ್ಚಾಯಿತು.

ಮೂರನೆಯದು ಗ್ಯಾರೇಜು. ಕುಂದಾಪುರದಲ್ಲಿ ಒಂದು ಗ್ಯಾರೇಜಿಗೆ ಒಯ್ದೆವು. ಗಾಳಿ ಒಳಗೆ ಹೋಗುವ ಬಾಯಿಗೆ ಮಸಿ ಕಟ್ಟಿದೆ ಎಂದು ಬಿಚ್ಚಿ ತೊಳೆದರು. ನಾನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದೆ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ನೋಡಿದೆ. ಒಳ್ಳೆಯ ಸಾಮಾನು ತೆಗೆದು ಹಳೆಯದು ಹಾಕುತ್ತಾರೆ ಎಂದು ಬಸ್ಸಿನವರಿಂದ ಎಷ್ಟೋ ಕೇಳಿದ್ದೇನೆ. ಮನೆಗೆ ಬರುವ ತನಕ ಕಾರು ತಣ್ಣಗಿತ್ತು. ಎರಡು ದಿನ ಕಳೆದು ಮತ್ತೆ ಅದೇ ರಾಗ. ಬ್ರಹ್ಮಾವರದಲ್ಲಿ ಇನ್ನೊಬ್ಬರು ಹಳೆ ಗಾಡಿಗಳ ಕೆಲಸದಲ್ಲಿ ಪಳಗಿದವರಂತೆ ಎಂದು ಕೇಳಿ ಅಲ್ಲಿಗೂ ಹೋದೆವು. ಅವರು ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡರು.

"ಎಲ್ಲೋ ಗಾಳಿ ಎಳಿತಾ ಇತ್ತ್. ಎರಡ್ ದಿನ ಗಾಡಿ ಇಲ್ಲೇ ಬಿಟ್ಟಿಕ್ ಹೋಯ್ನಿ, ಹುಡ್ಕ್ಕ್" ಎಂದರು.

ಎರಡು ದಿನ ಬಿಟ್ಟು ಹೋಗಬೇಕಂತೆ. ಅಕ್ಕನ ಮುಖ ನೋಡಿದೆ, ಅವಳು ಒಪ್ಪುವ ಹಾಗಿದ್ದಳು. ನಾನು ಒಪ್ಪಲಿಲ್ಲ. ನಾನು ನೋಡದಿದ್ದಾಗ ಏನೇನು ಬದಲಾಗುತ್ತದೆ ಎಂದು ಯಾರಿಗೆ ಗೊತ್ತು? ಈಗಲೇ ನೋಡಿ ಹೇಳುವುದಾದರೆ ಹೇಳಿ ಎಂದೆ. ಹಾಗೆಲ್ಲ ಹೇಳಲು ಬರುವುದಿಲ್ಲ, ಒಂದೊಂದೇ ಪೈಪು ನೋಡಬೇಕು, ಇಂಜಿನ್ ತಣ್ಣಗಿದ್ದಾಗಲೂ ನೋಡಬೇಕು ಎಂದರು. ನಾಳೆ ಬರುತ್ತೇವೆ ಎಂದು ಸುಳ್ಳು ಹೇಳಿ ಕಾರು ತಿರುಗಿಸಿದೆವು.  ಕೋಟ ದಾಟಿದ ಮೇಲೆ ಅಕ್ಕ ಒಂದೇ ಮಾತು ಹೇಳಿದಳು.

"ಬ್ರೇಕೂ ಕಲ್ಲ್ ಆಯ್ತ್ ಮಾರಾಯ. ಮೈಭಾರ ಎಲ್ಲ ಹಾಕಿ ಒತ್ತ್ಕ್."

ನಾನು ಆ ಮಾತನ್ನು ಕೇಳಿದ್ದು ಬೇರೆ ರೀತಿಯಲ್ಲಿ. ಬ್ರೇಕ್ ಗಟ್ಟಿಯಾಯಿತು ಎಂದು ಕೇಳಿಸಲೇ ಇಲ್ಲ. ಅಕ್ಕನಿಗೆ ಒತ್ತಲು ಆಗುತ್ತಿಲ್ಲ ಎಂದು ಕೇಳಿಸಿತು. ಅವಳಿಗೆ ವಯಸ್ಸಾಯಿತು, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತಾಳೆ, ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಅಲ್ಲಿಂದ ನನ್ನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಪಕ್ಕದ ಸೀಟಿನಲ್ಲಿ ಕೂತು ರಸ್ತೆ ನೋಡುವುದು ಬಿಟ್ಟು ಅವಳ ಪಾದ ನೋಡಿದೆ. ಅವಳು ಬ್ರೇಕ್ ಒತ್ತಿದಾಗಲೆಲ್ಲ ಇಂಜಿನ್ ಇನ್ನೂ ಜೋರಾಗಿ ಏರುತ್ತಿತ್ತು. ಸರಿ, ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಬ್ರೇಕಿನ ಮೇಲೆ ಇಟ್ಟ ಪಾದದ ಅಂಚು ಪಕ್ಕದ ಎಕ್ಸಲೇಟರಿಗೂ ತಾಗುತ್ತಿದೆ, ಅವಳಿಗೇ ತಿಳಿಯುವುದಿಲ್ಲ, ರೇಸ್ ಆಗುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಯಾರೂ ಮುಟ್ಟದೆ ಏರುತ್ತಿದ್ದದ್ದು ಹೇಗೆ ಎಂಬ ಪ್ರಶ್ನೆ ಬಂದಿತು. ಸ್ಟಾರ್ಟ್ ಮಾಡುವಾಗ ಒತ್ತಿದ ಎಕ್ಸಲೇಟರ್ ಸಿಕ್ಕಿಹಾಕಿಕೊಂಡಿರಬೇಕು ಎಂದು ನಾನೇ ಉತ್ತರ ಕೊಟ್ಟುಕೊಂಡೆ. ಕಳ್ಳ ಸಿಕ್ಕ ಮೇಲೆ ಸಾಕ್ಷಿ ಹೊಂದಿಸುವುದು ಕಷ್ಟವಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅತ್ತಿಗೆಯ ಪಕ್ಷ. ಕಾರು ಕೆಟ್ಟರೆ ಕಾರು ನೋಡಿ, ಅತ್ತಿಗೆಯ ಕಾಲು ಯಾಕೆ ನೋಡುತ್ತೀರಿ ಎಂದಳು. ಹೆಂಗಸರು ಹೆಂಗಸರ ಪರ ಎಂದು ನಾನು ಸುಮ್ಮನಾದೆ. ಆದರೆ ಅಕ್ಕನ ಹತ್ತಿರ ಸುಮ್ಮನಿರಲಿಲ್ಲ. ಚಪ್ಪಲಿ ಬದಲಾಯಿಸು ಎಂದೆ, ಸೀಟು ಮುಂದೆ ಎಳೆದುಕೋ ಎಂದೆ, ಮಂಡಿಗೆ ಪಟ್ಟಿ ಕಟ್ಟಿಕೋ ಎಂದೆ. ಮೊದಮೊದಲು ನಕ್ಕಳು. ಆಮೇಲೆ ಸಿಟ್ಟು ಮಾಡಿದಳು. ಆಮೇಲೊಂದು ದಿನ ಮಾತು ಕಡಿಮೆ ಮಾಡಿ, ಜಗಲಿಯಲ್ಲಿ ಕೂತು ತನ್ನ ಬಲಗಾಲನ್ನು ಹಿಂದೆ ಮುಂದೆ ಮಡಿಸಿ ನೋಡಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ನನ್ನ ಲೆಕ್ಕವೇ ಸರಿ ಎನ್ನಿಸಿತು.

ಅದಾದ ಸ್ವಲ್ಪ ದಿನಕ್ಕೇ ವಂಡ್ಸೆಯ ಇಳಿಜಾರಿನಲ್ಲಿ ಕಾರು ನಿಲ್ಲಲಿಲ್ಲ. ಎದುರಿಗೆ ದನ ಬಂತಂತೆ, ಅಕ್ಕ ಬ್ರೇಕ್ ಒತ್ತಿದಳಂತೆ, ಇಂಜಿನ್ ಅರಚಿತಂತೆ, ಕಾರು ಹೋಗುತ್ತಲೇ ಇತ್ತಂತೆ. ದನ ಉಳಿಯಿತು. ಯಾರೋ ಮನೆ ಕಟ್ಟಲು ರಸ್ತೆ ಬದಿ ಒಟ್ಟಿದ್ದ ಕೆಂಪು ಕಲ್ಲಿನ ರಾಶಿಗೆ ಕಾರಿನ ಮೂಗು ಬಡಿಯಿತು. ಪೆಟ್ಟಿಗೆ ಮಗುಚಿ ಬಂಗುಡೆ, ಚಟ್ಲಿ ಸಿಗಡಿ, ಐಸು ಎಲ್ಲ ಡಾಂಬರಿನ ಮೇಲೆ. ಫೋನ್ ಬಂದು ನಾನು ಬೈಕಿನಲ್ಲಿ ಹೋಗಿ ಮುಟ್ಟುವಾಗ ಅಕ್ಕ ಕಲ್ಲಿನ ಮೇಲೆ ಕೂತಿದ್ದಳು. ಆ ಆಟೋದವನೇ ಬಂದು ರಸ್ತೆಯ ಮೀನು ಬಾಚಿ ಪೆಟ್ಟಿಗೆಗೆ ತುಂಬುತ್ತಿದ್ದ.  ನನಗೆ ಹೆದರಿಕೆಯಾಗಿತ್ತು. ಹೆದರಿದರೆ ನನಗೆ ಬೈಗುಳ ಬರುತ್ತದೆ. ಜನ ಸೇರಿದ್ದರು, ಎಲ್ಲರ ಎದುರಿಗೆ ನಾನು ಹೇಳಿದೆ:

"ಸಾಕ್ ಅಕ್ಕ. ನಿನ್ ಕಾಲ್ ಹೋಯ್ತ್. ಇನ್ನೊಬ್ರ ಜೀವ ತೆಗುದ್ ಬ್ಯಾಡ."

ಅವಳು ಕಲ್ಲಿನ ಮೇಲಿಂದ ಎದ್ದಳು. ಕೀ ತೆಗೆದು ನನ್ನ ಕೈಗೆ ಕೊಟ್ಟಳು. ಅಷ್ಟು ಸುಲಭವಾಗಿ ಕೊಡುತ್ತಾಳೆಂದು ನಾನು ಎಣಿಸಿರಲಿಲ್ಲ. ಕಾರನ್ನು ಟೆಂಪೋದ ಮೇಲೆ ಏರಿಸಿ ಅಂಗಳಕ್ಕೆ ತಂದೆವು, ಮೂಗು ತಗ್ಗಿದ್ದು ಬಿಟ್ಟರೆ ಒಳಗೆ ಪೆಟ್ಟಾಗಿರಲಿಲ್ಲ.

ಅಕ್ಕನಿಗೆ ತನ್ನ ಗಿರಾಕಿಗಳದ್ದೇ ಒಂದು ವಾಟ್ಸಾಪ್ ಗುಂಪು ಇತ್ತು. ಪ್ರತಿದಿನ ಬೆಳಿಗ್ಗೆ ಬಂದರಿನಿಂದಲೇ ಇಂದು ಏನೇನು ಮೀನು ಎಂದು ಅದರಲ್ಲಿ ಮಾತಾಡಿ ಕಳಿಸುತ್ತಿದ್ದಳು, ಬೇಕಾದವರು ಬೇಕು ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಫೋನ್ ಮೇಲಿಂದ ಮೇಲೆ ಹೊಡೆದುಕೊಂಡಿತು. ಅಕ್ಕ ಎತ್ತಲಿಲ್ಲ. ಜನ ಕಾಯುತ್ತಿರುತ್ತಾರೆ, ಹೇಳುವುದು ಧರ್ಮ ಎಂದು ನಾನೇ ಅವಳ ಫೋನ್ ತೆಗೆದುಕೊಂಡು ಮಾತಾಡಿ ಕಳಿಸಿದೆ. ಅಕ್ಕನ ಕಾಲಿಗೆ ಶಕ್ತಿ ಇಲ್ಲ, ಬ್ರೇಕ್ ಒತ್ತಲು ಆಗುವುದಿಲ್ಲ, ಇನ್ನು ಬರುವುದು ಅನುಮಾನ, ತಪ್ಪು ತಿಳಿಯಬೇಡಿ ಎಂದು. ಒಳ್ಳೆಯ ಭಾಷೆಯಲ್ಲೇ ಹೇಳಿದೆ. ಕೈ ಮುಗಿದ ಗುರುತುಗಳು ಬಂದವು, ಆರೋಗ್ಯ ನೋಡಿಕೊಳ್ಳಲಿ ಎಂದು ಉತ್ತರಗಳು ಬಂದವು. ಅಕ್ಕ ಪಕ್ಕದಲ್ಲಿ ಕೂತು ನನ್ನ ಮಾತನ್ನು ಪೂರ್ತಿ ಕೇಳಿದಳು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಬೆಳಿಗ್ಗೆ ಬಂದರಿನ ಸದ್ದು ಕೇಳುವಾಗ ಎದ್ದು ಸೆರಗು ಬಿಗಿದು, ಮತ್ತೆ ಬಿಚ್ಚಿ ಕೂರುತ್ತಿದ್ದಳು. ಆಟೋದವನು ವಂಡ್ಸೆಗೆ ದಿನವೂ ಹೋಗುತ್ತಾನೆ ಎಂದು ಸುದ್ದಿ ಬಂತು. ಅವನೇ ಏನೋ ಮಾಡಿದ್ದಾನೆ ಎಂಬ ಹಳೆಯ ಸಂಶಯ ನನಗೆ ಒಮ್ಮೊಮ್ಮೆ ತಲೆ ಎತ್ತುತ್ತಿತ್ತು. ಅಕ್ಕ ಅವನನ್ನು ದೂರಲಿಲ್ಲ. ಮೀನು ಕಾಯುವುದಿಲ್ಲ, ಜನ ಯಾಕೆ ಕಾಯಬೇಕು ಎಂದಳು. ಒಂದು ಮಧ್ಯಾಹ್ನ ಅವಳು ನಮ್ಮ ಮನೆಯ ಮೆಟ್ಟಿಲಿನ ಮೇಲೆ ನಿಂತು, ಗೋಡೆಗೆ ಬಲಗಾಲು ಒತ್ತಿ ಹಿಡಿದು, ಎಷ್ಟು ಶಕ್ತಿ ಇದೆ ಎಂದು ನೋಡುತ್ತಿದ್ದದ್ದನ್ನು ಕಂಡೆ. ನನ್ನನ್ನು ನೋಡಿ ಕಾಲು ಇಳಿಸಿದಳು. ಆ ಹೊತ್ತಿಗೆ ನನಗೆ ಎಲ್ಲೋ ಚುಚ್ಚಿತು. ಆದರೂ ಕೀ ನನ್ನ ಅಂಗಿಯ ಜೇಬಿನಲ್ಲೇ ಉಳಿಯಿತು.

ಕಾರು ಅಂಗಳದಲ್ಲಿ ಸುಮ್ಮನೆ ಯಾಕೆ ತುಕ್ಕು ಹಿಡಿಯಬೇಕು, ಕೊಟ್ಟುಬಿಡುವುದೇ ಒಳ್ಳೆಯದು ಎಂದು ನಾನೇ ತೀರ್ಮಾನಿಸಿದೆ. ಬ್ರಹ್ಮಾವರದಲ್ಲಿ ಹಳೆ ಕಾರು ಕೊಳ್ಳುವವರಿದ್ದಾರೆ, ತೋರಿಸಿ ಬರೋಣ ಎಂದು ಒಂದು ದಿನ ಒಬ್ಬನೇ ಹೊರಟೆ. ಅಕ್ಕನಿಗೆ ಗ್ಯಾರೇಜಿಗೆ ಎಂದು ಹೇಳಿದೆ. ಕಾರು ಎಂದಿನಂತೆ ಏದುಸಿರು ಬಿಡುತ್ತಲೇ ಹೊರಟಿತು. ಅದನ್ನು ಗಮನಿಸಿದೆ, ಎಕ್ಸಲೇಟರ್ ಎಲ್ಲೋ ಸಿಕ್ಕಿಹಾಕಿಕೊಂಡದ್ದು ಹಾಗೇ ಇದೆ ಎಂದುಕೊಂಡೆ. ನನ್ನ ತೀರ್ಮಾನ ಅಷ್ಟು ಗಟ್ಟಿ.

ತ್ರಾಸಿಯ ಹತ್ತಿರ ಶಾಲೆ ಮಕ್ಕಳ ಒಂದು ಸಾಲು ರಸ್ತೆ ದಾಟುತ್ತಿತ್ತು. ಟೀಚರು ಕೈ ಅಡ್ಡ ಹಿಡಿದು ನಿಂತಿದ್ದರು. ದೂರದಿಂದಲೇ ನೋಡಿ ಬ್ರೇಕ್ ಒತ್ತಿದೆ. ಪೆಡಲ್ ಇಳಿಯಲಿಲ್ಲ. ಕಲ್ಲಿನ ಮೇಲೆ ಕಾಲಿಟ್ಟ ಹಾಗಿತ್ತು. ಇಂಜಿನ್ ಅರಚಿತು. ಸೀಟಿನಿಂದ ಅರ್ಧ ಎದ್ದು ಎರಡೂ ಕಾಲು ಹಾಕಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದೆ. ಕಾರು ನಿಂತಿತು. ಟೀಚರು ನನ್ನತ್ತ ನೋಡಿದ ನೋಟ ಈಗಲೂ ನೆನಪಿದೆ. ಕುಡಿದಿದ್ದಾನೆ ಎಂದು ತೀರ್ಮಾನಿಸಿದ್ದರು. ಮಕ್ಕಳು ಹೋದರು. ನಾನು ಬದಿಗೆ ನಿಲ್ಲಿಸಿ ಕೂತೆ. ಮತ್ತೆ ಒತ್ತಿದೆ, ಬಲಗಾಲಿನಿಂದ, ಆಮೇಲೆ ಎಡಗಾಲಿನಿಂದ. ಎಕ್ಸಲೇಟರಿಗೆ ಯಾವ ಕಾಲೂ ತಾಗಿರಲಿಲ್ಲ, ಬಗ್ಗಿ ನೋಡಿದೆ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಇಂಜಿನ್ ತಾನೇ ಏರಿತು. ನನ್ನ ಕಾಲಿಗೆ ಏನೂ ಆಗಿಲ್ಲ, ನಾನು ದಿನವೂ ಸಮುದ್ರದ ತನಕ ನಡೆಯುತ್ತೇನೆ. ಹಾಗಾದರೆ ಅಕ್ಕನ ಕಾಲಿಗೆ ಏನಾಗಿತ್ತು?  ಬ್ರಹ್ಮಾವರದ ಮಾತು ಬಿಟ್ಟು, ಮೊದಲ ಗೇರಿನಲ್ಲೇ, ನಡೆಯುವವರಿಗಿಂತ ಸ್ವಲ್ಪ ಬೇಗ ಎನ್ನುವ ಹಾಗೆ ಮನೆಗೆ ತಿರುಗಿದೆ.

ಅಂಗಳದಲ್ಲಿ ನಿಲ್ಲಿಸಿ ಅಕ್ಕನನ್ನು ಕರೆದೆ. ಏನಾಯಿತೆಂದು ಹೇಳಿದೆ. ಮಕ್ಕಳ ವಿಷಯವನ್ನೂ ಹೇಳಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಾನು ಕಂಡಕ್ಟರುಗಳನ್ನು ನೋಡುತ್ತಿದ್ದ ರೀತಿಯಲ್ಲಿ ಎಂದು ಆಮೇಲೆ ಅನ್ನಿಸಿತು. ಆಮೇಲೆ ಬಾನೆಟ್ ಎತ್ತಿದಳು. ಬ್ರಹ್ಮಾವರದವರು ಹೇಳಿದ ಗಾಳಿಯ ಮಾತು ಅವಳಿಗೆ ನೆನಪಿತ್ತು. ಬಟ್ಟೆ ಒಗೆಯುವ ಸೋಪಿನ ನೀರು ಮಾಡಿ ತಂದು, ಇಂಜಿನ್ ಓಡುತ್ತಿರುವಾಗ, ಒಂದೊಂದೇ ರಬ್ಬರ್ ಪೈಪಿನ ಮೇಲೆ ಬಟ್ಟೆಯಿಂದ ಹಿಂಡುತ್ತಾ ಹೋದಳು. ನನ್ನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಲು ಹೇಳಿದಳು. ಒತ್ತಿದೆ, ಬಿಟ್ಟೆ, ಒತ್ತಿದೆ. ಇಂಜಿನ್ನಿನ ಹಿಂಬದಿಯಿಂದ ಬ್ರೇಕಿನ ಕಡೆ ಬರುವ ಒಂದು ದಪ್ಪ ಪೈಪಿದೆ. ಇಂಜಿನ್ ಎಳೆಯುವ ಗಾಳಿಯ ಬಲದಿಂದಲೇ ಬ್ರೇಕ್ ಮೆತ್ತಗಾಗುವುದಂತೆ, ಆ ಪೈಪು ಸೋರಿದರೆ ಬ್ರೇಕ್ ಕಲ್ಲಾಗಿ, ಹೊರಗಿನ ಗಾಳಿ ನುಗ್ಗಿ ಇಂಜಿನ್ ತಾನೇ ರೇಸ್ ಆಗುವುದಂತೆ, ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಪೈಪಿನ ಅಡಿಭಾಗಕ್ಕೆ ನೀರು ಬಿದ್ದಾಗ ಸುರ್ರೆಂದು ಒಳಗೆ ಎಳೆದುಕೊಂಡಿತು. ಇಂಜಿನ್ನಿನ ಸದ್ದು ಒಮ್ಮೆ ತಡವರಿಸಿತು. ಅಕ್ಕ ಕೈ ಒಳಗೆ ಹಾಕಿ ಹೆಬ್ಬೆರಳಿನಿಂದ ಅಲ್ಲಿ ಒತ್ತಿ ಹಿಡಿದಳು.

ಕಾರು ಸುಮ್ಮನಾಯಿತು. ಅಷ್ಟು ದಿನದ ಏರಿಳಿತ ಪೂರ್ತಿ ನಿಂತು ಒಂದೇ ಸಮನೆ ಓಡಿತು. ಬ್ರೇಕ್ ಒತ್ತಿದೆ, ನಿಧಾನವಾಗಿ ಮೆತ್ತಗೆ ಕೆಳಗಿಳಿಯಿತು. ಅವಳು ಬೆರಳು ತೆಗೆದಳು, ಮತ್ತೆ ಏದುಸಿರು. ಬೆರಳಿಟ್ಟಳು, ಸುಮ್ಮನೆ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ನಾನು ಆ ಕಡೆ ತಿರುಗಲಿಲ್ಲ.

ಪೈಪು ಬಿಚ್ಚಿ ಬೆಳಕಿಗೆ ಹಿಡಿದೆವು. ಅಡಿಯಲ್ಲಿ ರಬ್ಬರು ಉಬ್ಬಿ ಮೆತ್ತಗಾಗಿತ್ತು, ಉಗುರು ತಾಗಿದರೆ ಎದ್ದು ಬರುವ ಹಾಗೆ. ಅಲ್ಲೇ ಸಣ್ಣ ಸಣ್ಣ ಹಲ್ಲಿನ ಗುರುತು, ಇಲಿ ಕಚ್ಚಿದ್ದು. ಬೆಟ್ಟ ಅಗೆದು ಇಲಿ ಹಿಡಿದ ಎನ್ನುತ್ತಾರಲ್ಲ, ನಾನು ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರನ್ನೂ ಅಗೆದಿದ್ದೆ, ಇಲಿ ಅಂಗಳದಲ್ಲೇ ಇತ್ತು. ಇಲಿಗೆ ಇಷ್ಟೆಲ್ಲ ಬಿಟ್ಟು ಈ ಪೈಪೇ ಯಾಕೆ ರುಚಿಸಿತು ಎಂದು ನನ್ನ ತಲೆ ಅಭ್ಯಾಸದಂತೆ ಹೊರಟಿತು. ಅಷ್ಟರಲ್ಲಿ ಅಕ್ಕ ಪೈಪನ್ನು ಮೂಗಿನ ಹತ್ತಿರ ಹಿಡಿದಳು. ನನಗೂ ವಾಸನೆ ಬಂತು. ಮೀನೆಣ್ಣೆ.

"ಎಣ್ಣಿ ಹಚ್ದ್ ನಾನೇ" ಎಂದಳು ಅಕ್ಕ. "ಇಲಿಗ್ ನಾನೇ ಬಡಿಸಿ ಇಟ್ಟೆ."

ದೋಣಿಯ ಮರಕ್ಕೆ ಒಳ್ಳೆಯದಾದದ್ದು ರಬ್ಬರಿಗೆ ಒಳ್ಳೆಯದಲ್ಲ ಎಂದು ನಮಗೆ ಯಾರು ಹೇಳಿದ್ದರು? ನನಗೆ ಹಗುರವಾಯಿತು. ತಪ್ಪು ಪೂರ್ತಿ ನನ್ನದಲ್ಲ ಎಂಬ ಹಗುರ. ಅದನ್ನು ಮುಖದಲ್ಲಿ ತೋರಿಸದಿರಲು ಪ್ರಯತ್ನಪಟ್ಟೆ, ಆದರೆ ಅಕ್ಕನಿಗೆ ಕಂಡಿರಬೇಕು. ಅವಳು ಪೈಪನ್ನು ನನ್ನ ಕೈಗಿಟ್ಟು, ಇಂಥದ್ದೇ ಹೊಸದು ತಾ ಎಂದಳು. ಸಂಜೆಯೊಳಗೆ ಕುಂದಾಪುರದಿಂದ ತಂದೆ. ಹಾಕಿಸಿದ ಮೇಲೆ ಕಾರು ಅಂಗಳದಲ್ಲಿ ನಿದ್ದೆ ಮಾಡುವ ಮಗುವಿನ ಹಾಗೆ ಉಸಿರಾಡಿತು. ಜೇಬಿನಿಂದ ಕೀ ತೆಗೆದು ಅವಳ ಎದುರಿಗೆ ಹಿಡಿದೆ. ತೆಗೆದುಕೊಂಡಳು. ನಾನೂ ನಾಳೆ ಜೊತೆಗೆ ಬರುತ್ತೇನೆ ಎಂದೆ. ಬ್ಯಾಡ ಎನ್ನಲಿಲ್ಲ.

ಬೆಳಿಗ್ಗೆ ಬಂದರಿನಿಂದ ಅವಳೇ ಫೋನಿನಲ್ಲಿ ಮಾತಾಡಿ ಕಳಿಸಿದಳು. ಇಂದು ಬಂಗುಡೆ ಇದೆ, ಅಂಜಲ್ ಇದೆ, ಕಾರು ಸರಿಯಾಯಿತು, ಬರುತ್ತೇನೆ ಎಂದು. ನಾವು ಹೆಮ್ಮಾಡಿಯಲ್ಲಿ ತಿರುಗಿ ವಂಡ್ಸೆಯ ದಾರಿ ಹಿಡಿದೆವು. ಬ್ರೇಕು ಮೆತ್ತಗೆ ಹಿಡಿಯುತ್ತಿತ್ತು. ನನಗೆ ನಿಜವಾಗಿ ಖುಷಿಯಾಗಿತ್ತು. ಮೊದಲ ಮನೆಯ ಗೇಟಿನಲ್ಲಿ ಹಾರ್ನ್ ಮಾಡಿದಾಗ ಮನೆಯಾಕೆ ಪಾತ್ರೆ ಹಿಡಿದು ಬಂದರು. ಮೀನಿನ ಪೆಟ್ಟಿಗೆ ನೋಡಲಿಲ್ಲ. ಅಕ್ಕನ ಕಾಲು ನೋಡಿದರು.

"ಕಾಲ್ ಹ್ಯಾಂಗಿತ್ತ್ ಅಕ್ಕ? ನಿಮ್ ತಮ್ಮ ಹೇಳಿದ್ರಲೆ."

ಕಾಲಿಗೆ ಏನೂ ಆಗಿಲ್ಲ, ಕಾರಿನ ಪೈಪು ಹೋಗಿತ್ತು ಎಂದು ಅಕ್ಕ ಹೇಳಿದಳು. ಆಕೆ ಹೌದೌದು ಎಂದು ತಲೆಯಾಡಿಸಿದರು, ಮತ್ತೆ ಕಾಲು ನೋಡಿದರು, ಎಣ್ಣೆ ಹಾಕಿ ತಿಕ್ಕಿಸಿಕೊಳ್ಳಿ ಎಂದರು. ಎರಡನೆಯ ಮನೆಯಲ್ಲೂ ಅದೇ. ಅದರ ಮುಂದಿನ ಮನೆಯಲ್ಲಿ ನಾನೇ ಇಳಿದು ಪೈಪಿನ ಕಥೆ, ಇಲಿಯ ಕಥೆ, ತ್ರಾಸಿಯ ಕಥೆ ಎಲ್ಲ ಹೇಳಿದೆ. ಆ ಮನೆಯ ಯಜಮಾನರು ಪೂರ್ತಿ ಕೇಳಿ, ತಮ್ಮನಾದವನು ಅಕ್ಕನನ್ನು ಬಿಟ್ಟುಕೊಡಬಾರದು, ನೀವು ಹೇಳುವುದು ಸರಿ ಎಂದು ನನ್ನ ಬೆನ್ನು ತಟ್ಟಿದರು. ಒಂದು ಮಾತನ್ನೂ ನಂಬಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಬ್ಬರ್ ಪೈಪು ಹರಿಯಿತು ಎಂಬುದಕ್ಕಿಂತ ವಯಸ್ಸಾದ ಹೆಂಗಸಿನ ಕಾಲು ಹೋಯಿತು ಎಂಬುದನ್ನು ನಂಬುವುದು ಜನರಿಗೆ ಸುಲಭ. ನನಗೂ ಸುಲಭವಾಗಿತ್ತಲ್ಲ.

ಆದರೂ ಮೀನು ಖಾಲಿಯಾಯಿತು. ಕೊನೆಯ ಮನೆಯ ಹತ್ತಿರ ಅಕ್ಕ ಇಳಿಯುವಾಗ ಕಾರಿನ ಬಾಗಿಲು ಹಿಡಿದುಕೊಂಡಳು. ಬಲಗಾಲು ನೆಲಕ್ಕಿಟ್ಟು, ಒಂದು ಗಳಿಗೆ ನಿಂತು, ಆಮೇಲೆ ಎಡಗಾಲು ಇಟ್ಟಳು. ಪೆಟ್ಟಿಗೆ ತೆಗೆಯಲು ಹಿಂದೆ ಹೋಗುವಾಗ ಒಂದು ಕಡೆ ಸ್ವಲ್ಪ ವಾಲಿದ ಹಾಗೆ ಕಂಡಿತು. ಮೊದಲೂ ಹೀಗೇ ನಡೆಯುತ್ತಿದ್ದಳೇ? ಪೈಪೂ ಹೋಗಿತ್ತು, ಕಾಲೂ ಹೋಗಿದೆ, ಎರಡೂ ಇರಬಾರದೇ? ಹಿಂತಿರುಗುವ ಇಳಿಜಾರಿನಲ್ಲಿ, ಆ ಕೆಂಪು ಕಲ್ಲಿನ ರಾಶಿಯ ಹತ್ತಿರ ಬರುವಾಗ, ಅವಳು ಬೇಕಾದದ್ದಕ್ಕಿಂತ ಮೊದಲೇ ಬ್ರೇಕ್ ಒತ್ತಿದಳು. ಅವಳ ಪಾದ ಪೆಡಲಿನ ಮೇಲೆ ನಡುಗುತ್ತಿತ್ತು. ನಾನು ನೋಡಿದೆ. ಅವಳು ಕಾರನ್ನು ಬದಿಗೆ ತೆಗೆದು ನಿಲ್ಲಿಸಿದಳು. ಇಂಜಿನ್ ಒಂದೇ ಸಮನೆ ಓಡುತ್ತಿತ್ತು.

"ನೀನ್ ಈಗ್ಳೂ ಕಾಲೇ ಕಾಣ್ತಾ ಇದ್ದೆ" ಎಂದಳು.

ಇಲ್ಲ ಎನ್ನಲು ಬಾಯಿ ತೆರೆದೆ. ನನ್ನ ಕಣ್ಣು ಇನ್ನೂ ಅಲ್ಲೇ ಇತ್ತು.

"ನಾಳಿಯಿಂದ ನೀನ್ ಬಪ್ಪುದ್ ಬ್ಯಾಡ. ನೀನ್ ಕಾಂಬುದಕ್ಕೇ ನನ್ ಕಾಲ್ ನಡ್ಗುದ್."

ಅವಳು ಸಿಟ್ಟಿನಿಂದ ಹೇಳಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಈಗ ಅವಳು ಒಬ್ಬಳೇ ಹೋಗುತ್ತಾಳೆ, ಒಬ್ಬಳೇ ಬರುತ್ತಾಳೆ. ಇಳಿಜಾರಿನಲ್ಲಿ ನಿಧಾನ ಮಾಡುತ್ತಾಳಂತೆ, ಗಿರಾಕಿಗಳು ಕೆಲವರು ಬಿಟ್ಟರು, ಕೆಲವರು ಉಳಿದರು. ಬೆಳಿಗ್ಗೆ ಅವಳು ಸೆರಗು ಬಿಗಿದು ಕೀ ಹಿಡಿದು ಅಂಗಳಕ್ಕೆ ಇಳಿಯುವ ಹೊತ್ತಿಗೆ ನಾನು ಚಹಾದ ಲೋಟ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತೇನೆ. ಅಲ್ಲಿಂದ ಕಾರು ಕಾಣುವುದಿಲ್ಲ.